ಪೈಜಾಮ ಕಟ್ಟಿದ ಕ್ರೇಟು

ನೆವಿಲ್ ಪಾಸ್ಕೋನ ಮನೆಯಲ್ಲಿ ಅಂಗಡಿಯಿಂದ ಹೊಸದಾಗಿ ತಂದ ಸಾಮಾನನ್ನು ದೀಪ ಹಿಡಿದು ಹುಡುಕಬೇಕಿತ್ತು. ಬೇಲಿಗೆ ರೈಲಿನವರು ಎಸೆದ ಮರದ ದಿಮ್ಮಿ, ಕೋಳಿಗೂಡಿಗೆ ಶಾಲೆ ಬಸ್ಸಿನ ಹಿಂಬಾಗಿಲು, ಗೇಟಿನ ಅಂಚೆ ಡಬ್ಬಿಗೆ ಸುಟ್ಟುಹೋದ ಟೋಸ್ಟರು. "ಈ ಮನುಷ್ಯ ಹೊಚ್ಚ ಹೊಸದಾಗಿ ಮನೆಗೆ ತಂದಿದ್ದು ನನ್ನೊಬ್ಬಳನ್ನೇ. ಅದೂ ನಮ್ಮಪ್ಪ ಪುಕ್ಕಟೆ ಕೊಟ್ಟ ಅಂತ," ಎಂದು ಅವನ ಹೆಂಡತಿ ರೇವಿನ್, ರಾಟಾ ಕ್ರೀಕ್ ಎಂಬ ಆ ಊರಿನಲ್ಲಿ ಯಾರ ಮುಂದೆ ಬೇಕಾದರೂ ಹೇಳುತ್ತಿದ್ದಳು. ನೆವಿಲ್ ಕೌನ್ಸಿಲ್ಲಿನ ರಸ್ತೆ ರಿಪೇರಿಯವನು. ಊರಿನ ಗುಂಡಿಗಳನ್ನೆಲ್ಲ ಮುಚ್ಚಿದವನು ತನ್ನ ಮನೆ ಮುಂದಿನ ಗುಂಡಿಗಳನ್ನು ಮಾತ್ರ ಹಾಗೇ ಬಿಟ್ಟಿದ್ದ. ಅವುಗಳಿಗೆ ಉಳಿಕೆ ಜಲ್ಲಿ ಸಿಗಲೆಂದು ಕಾಯುತ್ತಿದ್ದನಂತೆ.

ಮನೆಯಲ್ಲೇ ಬಿಯರು ಮಾಡುವ ಹುಚ್ಚು ಹತ್ತಿದ್ದೂ ಇದೇ ಗುಣದಿಂದ. ಒಂದು ಬಿಳಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮಾಲ್ಟಿನ ಪಾಕ, ಸಕ್ಕರೆ, ಈಸ್ಟು ಕಲಸಿ, ಬಿಸಿನೀರಿನ ಹಂಡೆಯ ಕಪಾಟಿನೊಳಗೆ ರೇವಿನ್‌ಳ ಟವೆಲುಗಳ ನಡುವೆ ಬೆಚ್ಚಗೆ ಕೂರಿಸುತ್ತಿದ್ದ. ಅದು ಗುಳುಗುಳು ಎನ್ನುವುದನ್ನು ನಿಲ್ಲಿಸಿದ ಮೇಲೆ ಬಾಟಲಿಗೆ ತುಂಬಿ, ಮುಚ್ಚಳ ಒತ್ತಿ, ಬಟ್ಟೆ ಒಗೆಯುವ ಕೋಣೆಯ ಗೋಡೆಗೆ ಪೇರಿಸಿಡುತ್ತಿದ್ದ. ಟವೆಲುಗಳಿಗೆ ಬ್ರೆಡ್ಡಿನ ವಾಸನೆ ಹತ್ತುತ್ತಿತ್ತು. ಸ್ನಾನ ಮಾಡಿ ಬಂದವರಿಗೆಲ್ಲ ಹಸಿವಾಗುತ್ತಿತ್ತು.

ಪೇರಿಸುವುದಕ್ಕೆ ಕ್ರೇಟುಗಳೂ ಪುಕ್ಕಟೆಯೇ. ರಾಟಾ ಕ್ರೀಕಿನಲ್ಲಿ ಸಿಗುವುದು ದೀಪಸ್ತಂಭ ಎಂಬ ಹೆಸರಿನ ಕಂಪನಿ ಬಿಯರು, ದೊಡ್ಡ ಕಂದು ಬಾಟಲಿಗಳಲ್ಲಿ, ಡಜನ್ನಿಗೊಂದು ಪ್ಲಾಸ್ಟಿಕ್ ಕ್ರೇಟು. ಕುಡಿದು ಮುಗಿಸಿದ ಕ್ರೇಟನ್ನು ತಾಮತಿಯ ಅಂಗಡಿಗೆ ಒಯ್ದು ನೆಲಕ್ಕಿಟ್ಟರೆ ಅವನು ತುಂಬಿದ ಇನ್ನೊಂದನ್ನು ಮುಂದೆ ತಳ್ಳುತ್ತಾನೆ, ನಾವು ಒಳಗಿನ ಬಿಯರಿಗಷ್ಟೇ ಕಾಸು ಕೊಡುತ್ತೇವೆ. ಹಾಗಾಗಿ ಕ್ರೇಟು ಇಂಥವರದ್ದೆಂದಿಲ್ಲ, ಇಂದು ಈ ಮನೆ, ನಾಳೆ ಆ ಮನೆ. ರಗ್ಬಿ ಕ್ಲಬ್ಬಿನ ಹಿತ್ತಿಲಲ್ಲಿ ಅನಾಥವಾಗಿ ಬಿದ್ದ ಕ್ರೇಟುಗಳು ಒಮ್ಮೆ ನೆವಿಲ್‌ನ ಮನೆ ಸೇರಿದವೆಂದರೆ ಮಾತ್ರ ಅವುಗಳ ಊರೂರು ಅಲೆದಾಟ ಅಲ್ಲಿಗೆ ಮುಗಿಯುತ್ತಿತ್ತು.

ಬಾಟಲಿಗಳ ಮೇಲಿನ ಲೇಬಲ್ಲನ್ನೂ ಅವನು ಕೀಳುತ್ತಿರಲಿಲ್ಲ. "ಲೇಬಲ್ಲನ್ನ ಯಾರಾದ್ರೂ ಕುಡೀತಾರಾ?" ಎನ್ನುತ್ತಿದ್ದ. ಮುಚ್ಚಿಹೋದ ಒಂದು ಡಿಪೋದ ಹರಾಜಿನಲ್ಲಿ ಅವನಿಗೆ ದೀಪಸ್ತಂಭದ ಗುರುತಿರುವ ಹೊಸ ಮುಚ್ಚಳಗಳ ಮೂಟೆಯೇ ಸಿಕ್ಕಿತ್ತು. ಹೀಗಾಗಿ ನೆವಿಲ್‌ನ ಬಿಯರು ಬಾಟಲಿ, ಲೇಬಲ್ಲು, ಮುಚ್ಚಳ, ಕ್ರೇಟು ಎಲ್ಲದರಲ್ಲೂ ಕಂಪನಿಯ ದೀಪಸ್ತಂಭ ಬಿಯರಿನ ಹಾಗೆಯೇ ಕಾಣುತ್ತಿತ್ತು. ತನ್ನದು ಯಾವುದೆಂದು ತನಗೆ ತಿಳಿಯಬೇಕಲ್ಲ? ಅದಕ್ಕೆ ರೇವಿನ್‌ಳ ಹಳೆಯ ಪೈಜಾಮವೊಂದನ್ನು, ಹಳದಿ ಬಾತುಕೋಳಿಗಳಿದ್ದ ಗುಲಾಬಿ ಫ್ಲಾನೆಲ್ಲಿನದನ್ನು, ಪಟ್ಟಿ ಪಟ್ಟಿಯಾಗಿ ಹರಿದು ಕ್ರೇಟಿಗೊಂದರಂತೆ ಹಿಡಿಕೆಗೆ ಕಟ್ಟಿದ್ದ. ಬಾತುಕೋಳಿ ಇದ್ದರೆ ಮನೆಯದು, ಇಲ್ಲದಿದ್ದರೆ ಕಂಪನಿಯದು. ಒಂದು ಕಾಸಿನ ಖರ್ಚಿಲ್ಲದ ಈ ಏರ್ಪಾಡಿನ ಬಗ್ಗೆ ಅವನಿಗೆ ಭಾರಿ ಹೆಮ್ಮೆ. ಅದನ್ನು ಹೆಂಡತಿಗೆ ತಿಳಿಸಬೇಕೆಂದು ಮಾತ್ರ ಹೊಳೆದಿರಲಿಲ್ಲ.

ಇಷ್ಟೆಲ್ಲ ಮಾಡಿದರೂ ನೆವಿಲ್‌ನ ಎದೆಯಲ್ಲಿ ಒಂದು ಮುಳ್ಳು ಕೂತಿತ್ತು. ಆ ಮುಳ್ಳಿನ ಹೆಸರು ಆರ್ಚಿ ಮೆಕ್‌ಫೇಲ್, ರೇವಿನ್‌ಳ ಅಪ್ಪ. ಗಣಿಯಲ್ಲಿ ಕಲ್ಲಿದ್ದಲು ಅಗೆದು ನಿವೃತ್ತನಾದ ಈ ಮುದುಕ ಹರೆಯದಿಂದಲೂ ದೀಪಸ್ತಂಭ ಬಿಟ್ಟು ಬೇರೆ ಬಿಯರನ್ನು ಬಾಯಿಗಿಟ್ಟವನಲ್ಲ. ಇಟ್ಟದ್ದು ಒಂದೇ ಒಂದು ಸಲ, ಮಗಳ ಮದುವೆಯ ದಿನ. ಖರ್ಚು ಉಳಿಯುತ್ತದೆಂದು ಅಳಿಯ ತನ್ನ ಮೊಟ್ಟಮೊದಲ ಬಿಯರನ್ನು ಮದುವೆಮನೆಗೇ ಹಂಚಿದ್ದ. ಕೇಕು ಕತ್ತರಿಸುವ ಹೊತ್ತಿಗೆ ಕ್ಲಬ್ಬಿನ ಪಾಯಿಖಾನೆಯ ಮುಂದೆ ಸಾಲು ಅಂಗಳಕ್ಕಿಳಿದಿತ್ತು. ಹುಡುಗ ಹುಡುಗಿಗೆ ಒಳ್ಳೆಯದಾಗಲಿ ಎಂದು ಲೋಟ ಎತ್ತಿ ನಿಂತ ಆರ್ಚಿ, "ಈ ನನ್ನ ಅಳಿಯ..." ಎಂದವನು ಮಾತು ಅಲ್ಲೇ ಬಿಟ್ಟು, ಲೋಟ ಪಾದ್ರಿಯ ಕೈಗೆ ಕೊಟ್ಟು, ಓಡಿದ್ದ. ಆ ಮಾತನ್ನು ಅವನು ಇವತ್ತಿಗೂ ಪೂರ್ತಿ ಮಾಡಿರಲಿಲ್ಲ.

ಅಂದಿನಿಂದ ಅಳಿಯನ ಬಿಯರಿಗೆ ಅವನಿಟ್ಟ ಹೆಸರು ಕುರಿಮದ್ದು. ಹೇನು ಸಾಯಲೆಂದು ಕುರಿಗಳನ್ನು ಅದ್ದಿ ತೆಗೆಯುತ್ತಾರಲ್ಲ, ಆ ಮದ್ದು. ಪ್ರತಿ ಭಾನುವಾರ ಮಧ್ಯಾಹ್ನದ ಊಟಕ್ಕೆ ಬರುವಾಗ ಕೋಟಿನ ಜೇಬಿನಲ್ಲಿ ತನ್ನ ದೀಪಸ್ತಂಭದ ಬಾಟಲಿ ತಾನೇ ತರುತ್ತಿದ್ದ.

"ಒಂದು ಗುಟುಕು ನೋಡಿ ಮಾವ. ಈಗ ಹದ ಬೇರೇನೇ ಆಗಿದೆ."

"ನನಗೆ ಹೇನಿಲ್ಲ ಕಣಯ್ಯ. ಆದಾಗ ಹೇಳ್ತೀನಿ."

ನೆವಿಲ್ ನಗುತ್ತಿದ್ದ, ಒಳಗೊಳಗೇ ನೋಯುತ್ತಿದ್ದ. ತಲೆ ನರೆಯುವವರೆಗೂ ಮಾಡಿ ಮಾಡಿ ಅವನ ಕೈ ನಿಜವಾಗಿಯೂ ಪಳಗಿತ್ತು. ಊರಿನ ಅರ್ಧ ಜನ ಕದ್ದುಮುಚ್ಚಿ ಬಂದು ಕುಡಿದು ಹೋಗುತ್ತಿದ್ದರು. ಆದರೆ ಆ ಮುದುಕನ ಬಾಯಿಂದ ಒಂದೇ ಒಂದು ಸಲ "ಚೆನ್ನಾಗಿದೆ" ಎಂಬ ಮಾತು ಕೇಳಬೇಕೆಂಬುದು ಅವನ ಆಸೆ. ಬೇರೆ ಯಾರು ಹೊಗಳಿದರೂ ಅವನಿಗೆ ಅದು ಸಾಲುತ್ತಿರಲಿಲ್ಲ.

ಆರ್ಚಿಗೆ ಎಂಬತ್ತು ತುಂಬಿದ ವರ್ಷ ಕ್ಲಬ್ಬಿನಲ್ಲೇ ಹುಟ್ಟುಹಬ್ಬ ಎಂದು ಗೊತ್ತಾಯಿತು. ಅದಕ್ಕೆಂದೇ ನೆವಿಲ್ ನಾಲ್ಕು ಕ್ರೇಟು ಕಪ್ಪು ಬಿಯರು ಮಾಡಿ, ಮೂಲೆಯಲ್ಲಿ ಚಳಿಗಾಲವೆಲ್ಲ ಮಾಗಿಸಿ ಇಟ್ಟಿದ್ದ. ದೀಪಸ್ತಂಭವೂ ಕಪ್ಪು ಬಿಯರೇ. ರೇವಿನ್ ವಾಸನೆ ಹಿಡಿದುಬಿಟ್ಟಳು.

"ನೆವಿಲ್, ನಿನ್ನ ಕುರಿಮದ್ದು ಕ್ಲಬ್ಬಿನ ಬಾಗಿಲು ದಾಟಿದ್ರೆ ನಾನು ಈ ಮನೆ ಬಾಗಿಲು ದಾಟ್ತೀನಿ. ತಾಮತಿ ಅಂಗಡಿಯಿಂದ ಎರಡು ಕ್ರೇಟು ತರ್ತೀಯ. ದುಡ್ಡು ಕೊಟ್ಟು."

"ಆಯ್ತು ಮಾರಾಯ್ತಿ, ಕೂಗಬೇಡ."

ತಂದ. ತಂದು ಬಟ್ಟೆ ಒಗೆಯುವ ಕೋಣೆಯಲ್ಲಿ ತನ್ನ ಕ್ರೇಟುಗಳ ಪಕ್ಕದಲ್ಲೇ ಇಟ್ಟ.

ಹುಟ್ಟುಹಬ್ಬದ ಬೆಳಗ್ಗೆ ರೇವಿನ್‌ಗೆ ಮನೆ ಗುಡಿಸುವ ಉಮೇದು ಬಂತು. ಬಟ್ಟೆ ಒಗೆಯುವ ಕೋಣೆಗೆ ಹೋಗಿ ನೋಡಿದರೆ ತನ್ನ ಪೈಜಾಮ ಹತ್ತು ಕಡೆ ನೇತಾಡುತ್ತಿದೆ. ಊರಿನ ಗಂಡಸರೆಲ್ಲ ಬಂದು ಹೋಗುವ ಜಾಗ ಬೇರೆ. ಅವಳು ಕತ್ತರಿ ತಂದು ಕಚಕಚನೆ ಎಲ್ಲವನ್ನೂ ಕತ್ತರಿಸಿ, ಬಟ್ಟೆ ಗಟ್ಟಿಯಾಗಿದೆಯಲ್ಲ ಎಂದು ಹಿತ್ತಿಲಿನ ಟೊಮ್ಯಾಟೊ ಗಿಡಗಳನ್ನು ಕೋಲಿಗೆ ಕಟ್ಟಿದಳು. ಕ್ರೇಟುಗಳನ್ನು ಅತ್ತಿತ್ತ ಜರುಗಿಸಿ ನೆಲ ಒರೆಸಿದಳು. ಮಧ್ಯಾಹ್ನ ನೆವಿಲ್ ಓಡೋಡಿ ಬಂದ. ಬಾಗಿಲ ಬಳಿ ಎರಡು ಕ್ರೇಟು, ಹಿಡಿಕೆಯಲ್ಲಿ ಬಾತುಕೋಳಿ ಇಲ್ಲ, ಅಂದರೆ ಕಂಪನಿಯದು. ಎತ್ತಿ ಕಾರಿಗೆ ಹಾಕಿಕೊಂಡು ಹೊರಟ.

ಕ್ಲಬ್ಬಿನಲ್ಲಿ ಮೇಜಿನ ತುಂಬ ಕುರಿಮಾಂಸ, ಮೀನಿನ ಮರಿ ಹಾಕಿದ ಮೊಟ್ಟೆದೋಸೆ, ಕೆನೆ ಹಚ್ಚಿದ ಪಾವ್ಲೊವ ಎಂಬ ಸಿಹಿ. ಮೊದಲ ಬಾಟಲಿಯ ಮುಚ್ಚಳ ಎತ್ತಿದ್ದು ನೆವಿಲ್‌ನೇ. ಸದ್ದು ಕೇಳಿದೊಡನೆ ಅವನ ಕೈ ನಿಂತಿತು. ಕಂಪನಿ ಬಿಯರು ಠುಸ್ ಎಂದು ಸುಮ್ಮನಾಗುತ್ತದೆ. ಇದು ಉಸ್ಸೆಂದು ನಿಧಾನವಾಗಿ ಉಸಿರು ಬಿಟ್ಟಿತು. ಬಾಟಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ತಳದಲ್ಲಿ, ಕಂಪನಿ ಬಾಟಲಿಯಲ್ಲಿ ಎಂದೂ ಇರದ ಈಸ್ಟಿನ ಮಡ್ಡಿ ತಣ್ಣಗೆ ಮಲಗಿತ್ತು. ಇದು ತನ್ನದೇ ಬಿಯರು!

ಆರ್ಚಿ ಆಗಲೇ ತನ್ನ ಹಿಡಿಕೆಯ ಗಾಜಿನ ಲೋಟ ಚಾಚಿದ್ದ. "ಏನು ನೋಡ್ತಿದ್ದೀಯ? ಅದರಲ್ಲಿ ಭವಿಷ್ಯ ಬರೆದಿದ್ಯಾ? ಸುರಿ."

ಬೇರೆ ದಾರಿಯಿರಲಿಲ್ಲ. ಮಡ್ಡಿ ಏಳದ ಹಾಗೆ ಬಾಟಲಿಯನ್ನು ಬಾಗಿಸಿ, ಉಸಿರು ಬಿಗಿಹಿಡಿದು, ನೆವಿಲ್ ಸುರಿದ. ಮುದುಕ ಒಂದು ಗುಟುಕು ಕುಡಿದ. ಲೋಟ ಕೆಳಗಿಳಿಸಿ ಅದರೊಳಗೆ ನೋಡಿದ. ಇನ್ನೊಂದು ಗುಟುಕು ಕುಡಿದ.

"ರೇವಿನ್!" ಎಂದು ಗುಡುಗಿದ.

ನೆವಿಲ್ ಬಾಗಿಲು ಎಷ್ಟು ದೂರವಿದೆಯೆಂದು ನೋಡಿಕೊಂಡ.

"ಏನಪ್ಪ?"

"ಕಂಪನಿಯವರಿಗೆ ಕೊನೆಗೂ ಬುದ್ಧಿ ಬಂತು ಕಣಮ್ಮ! ಇದು ನಾನು ಗಣಿಗೆ ಸೇರಿದಾಗಿನ ದೀಪಸ್ತಂಭ! ಅದೇ ರುಚಿ! ಇಷ್ಟು ವರ್ಷ ಎಲ್ಲಿ ಹಾಳಾಗಿ ಹೋಗಿದ್ರು ಬಡ್ಡೀಮಕ್ಕಳು?"

ಆಮೇಲಿನ ಸಂಜೆಯನ್ನು ನೆವಿಲ್ ಹೇಗೆ ಕಳೆದನೆಂದು ಅವನಿಗೇ ನೆನಪಿಲ್ಲ. ಬೇರೆ ಯಾರಿಗೂ ಬಾಟಲಿ ಮುಟ್ಟಲು ಬಿಡದೆ ಪ್ರತಿಯೊಂದನ್ನೂ ತಾನೇ ಸುರಿದ, ತಳದಲ್ಲಿ ಎರಡು ಬೆರಳು ಬಿಟ್ಟು. "ಇವನೇನು, ಆಸ್ಪತ್ರೆಯಲ್ಲಿ ಕೆಮ್ಮಿನ ಔಷಧಿ ಅಳೆಯೋ ಹಾಗೆ ಅಳೀತಿದ್ದಾನೆ?" ಎಂದು ಯಾರೋ ಕುಹಕವಾಡಿದರು. ಯಾರಾದರೂ ಕುರ್ಚಿಯಿಂದೆದ್ದು ಪಾಯಿಖಾನೆಯ ಕಡೆ ನಡೆದರೆ ಇವನೂ ನಾಲ್ಕು ಹೆಜ್ಜೆ ಹಿಂದೆಯೇ ಹೋಗುತ್ತಿದ್ದ. ಅವರು ನಗುತ್ತ ಹೊರಗೆ ಬರುವವರೆಗೂ ಬಾಗಿಲನ್ನೇ ನೋಡುತ್ತ ನಿಂತಿರುತ್ತಿದ್ದ. ಹಾಗೆ ನೋಡುತ್ತಾನೆಂದು ಪಾದ್ರಿಯ ಹೆಂಡತಿ ಬೇಸರಪಟ್ಟುಕೊಂಡಳು.

ರೇವಿನ್‌ಗೆ ಗುಟ್ಟು ಹೊಳೆದದ್ದು ಆ ಎರಡು ಬೆರಳಿನಿಂದ. ಟೀಪುಡಿಯನ್ನೇ ಮೂರು ಸಲ ಕುದಿಸುವ ಗಂಡ ಬಾಟಲಿಯಲ್ಲಿ ಬಿಯರು ಬಿಡುತ್ತಿದ್ದಾನೆ! ಅವನನ್ನು ಕೋಟು ನೇತುಹಾಕುವ ಮೂಲೆಗೆ ಎಳೆದುಕೊಂಡು ಹೋದಳು.

"ನಿಂದೇ ಅಲ್ವಾ ಅದು?"

"ನನ್ನಾಣೆಗೂ ಗೊತ್ತಿರ್ಲಿಲ್ಲ. ಕ್ರೇಟಿಗೆ ಬಾತುಕೋಳಿ ಇರ್ಲಿಲ್ಲ ಕಣೇ!"

"ಬಾತುಕೋಳೀನಾ? ಅದು ಟೊಮ್ಯಾಟೊ ಗಿಡದಲ್ಲಿದೆ," ಎಂದವಳಿಗೆ ಆಗ ಎಲ್ಲ ಅರ್ಥವಾಗಿ, ನಗು ಬಂದು, ಯಾರದ್ದೋ ಕೋಟಿಗೆ ಬಾಯಿ ಒತ್ತಿಕೊಂಡಳು. ಆಮೇಲೆ ಗಂಭೀರಳಾದಳು. "ಉಸಿರೆತ್ತಬೇಡ. ಊರೆದುರಿಗೆ ಮಂಗ ಆದೆ ಅಂತ ಗೊತ್ತಾದ್ರೆ ಅಪ್ಪ ಇನ್ನು ನಮ್ಮನೆ ಮೆಟ್ಟಿಲು ಹತ್ತಲ್ಲ. ನಿನಗೆ ಅವನ ಸ್ವಭಾವ ಗೊತ್ತಲ್ಲ."

ಗೊತ್ತಿತ್ತು. ಆ ಹೊತ್ತಿಗೇ ಆರ್ಚಿ ಲೋಟ ಎತ್ತಿ ಎದ್ದು ನಿಂತ. "ಬಂದೋರಿಗೆಲ್ಲ ದೊಡ್ಡ ನಮಸ್ಕಾರ. ಎಂಬತ್ತು ವರ್ಷದಲ್ಲಿ ನಾನು ಕುಡಿದ ಬಿಯರಲ್ಲೆಲ್ಲ ಇದು ಮೇಲು. ಇದನ್ನ ಮಾಡಿದ ಪುಣ್ಯಾತ್ಮ ಯಾರೋ, ಅವನ ಕೈಗೆ ಮುತ್ತಿಡಬೇಕು. ಕೆಲವರಿದ್ದಾರೆ, ಬಕೆಟ್ಟಲ್ಲಿ ಕುರಿಮದ್ದು ಕಲಸ್ತಾರೆ. ಅಂಥೋರು ಇದನ್ನ ಕುಡಿದು ಕಲೀಬೇಕು."

ಎಲ್ಲರೂ ಚಪ್ಪಾಳೆ ತಟ್ಟಿ ನೆವಿಲ್‌ನ ಬೆನ್ನಿಗೆ ಗುದ್ದಿದರು. ಜೀವಮಾನವೆಲ್ಲ ಕಾದ ಮಾತು ಬಂದಿತ್ತು. ವಿಳಾಸ ಮಾತ್ರ ಕಂಪನಿಯದು. ನೆವಿಲ್‌ಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮುತ್ತಿಡಬೇಕಾದ ಆ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದ.

ಮಾರನೆಯ ವಾರ ಅವನು ರಟ್ಟಿನ ಪೆಟ್ಟಿಗೆ ಪುಕ್ಕಟೆ ಕೇಳಲೆಂದು ತಾಮತಿಯ ಅಂಗಡಿಗೆ ಹೋದಾಗ, ಸದಾ ನಗುವ ತಾಮತಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

"ನಿಮ್ಮ ಮಾವನ್ನ ಏನಾದ್ರೂ ಮಾಡಿ ಮಾರಾಯ್ರೇ. ಹುಟ್ಟುಹಬ್ಬದ ಖಾಲಿ ಕ್ರೇಟು ತಂದು ತುಂಬಿದ್ದು ತಗೊಂಡು ಹೋದ್ರು. ಸಂಜೆಗೆ ವಾಪಸ್ಸು. 'ಇದು ಪಾತ್ರೆ ತೊಳೆದ ನೀರು, ನನ್ನ ಬಿಯರು ಕೊಡು' ಅಂತಾರೆ. ಇನ್ನೊಂದು ಕೊಟ್ಟೆ, ಅದೂ ವಾಪಸ್ಸು. ನಿನ್ನೆ ಕಂಪನಿ ಲಾರಿ ಡ್ರೈವರಿಗೆ ಊರುಗೋಲು ತೋರಿಸಿದ್ರು. ಪಾಪ, ಅವನು ಇಳಿಯದೇ ಹೊರಟುಹೋದ."

ನೆವಿಲ್‌ಗೆ ಒಳಗೊಳಗೆ ಹಬ್ಬ. ಹಾದಿಯುದ್ದಕ್ಕೂ ಸಿಳ್ಳೆ ಹಾಕುತ್ತ ಬಂದು ರೇವಿನ್‌ಗೆ ಎರಡೆರಡು ಸಲ ಹೇಳಿದ.

ಆ ಹಬ್ಬ ಭಾನುವಾರದವರೆಗೂ ಬಾಳಿತು. ಆವತ್ತು ಆರ್ಚಿ ಊಟಕ್ಕೆ ಬಂದಾಗ ಕೋಟಿನ ಜೇಬು ಚಪ್ಪಟೆಯಾಗಿತ್ತು. ಬಾಟಲಿ ಇರಲಿಲ್ಲ. ಕೂತವನು ನೀರು ಕೇಳಿದ. ಮಗಳು ಹುರಿದ ಮಾಂಸ ಬಡಿಸಿದರೆ ಫೋರ್ಕಿನಲ್ಲಿ ಸುಮ್ಮನೆ ಕೆದಕಿದ.

"ಯಾಕಪ್ಪ, ಹುಷಾರಿಲ್ವಾ?"

"ನನ್ನ ಕಾಲ ಮುಗೀತಮ್ಮ." ಅವನ ದನಿಯಲ್ಲಿ ಎಂದಿನ ಗುಡುಗಿರಲಿಲ್ಲ. "ನಾಲಿಗೆ ಸತ್ತುಹೋಗಿದೆ. ಹುಟ್ಟುಹಬ್ಬದ ದಿನ ಕೊನೇ ಸಲ ಉರೀತು ಅಂತ ಕಾಣುತ್ತೆ, ಆರೋ ದೀಪದ ಹಾಗೆ. ಈಗ ಯಾವ ಬಾಟಲಿ ತೆಗೆದ್ರೂ ಬರೀ ನೀರು. ನಮ್ಮಣ್ಣ ಜಾಕ್‌ಗೂ ಹೀಗೇ ಆಯ್ತು. ಮೊದಲು ಬಿಯರಿನ ರುಚಿ ಹೋಯ್ತು, ಆಮೇಲೆ ಊಟದ್ದು, ಆಮೇಲೆ ಅವನೇ ಹೋದ. ನನ್ನ ಲೋಟ ಕ್ಲಬ್ಬಿಗೆ ಕೊಟ್ಟುಬಿಟ್ಟೆ. ಮೊಳೆ ಹೊಡೆದು ನೇತುಹಾಕಿ ಅಂದೆ."

ನೆವಿಲ್ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟ. ಅವನು ಬಯಸಿದ್ದು ಒಂದು ಒಳ್ಳೆಯ ಮಾತು, ಮುದುಕನ ಪ್ರಾಣವಲ್ಲ. ಎದ್ದು ಹೋಗಿ ಬಟ್ಟೆ ಒಗೆಯುವ ಕೋಣೆಯಿಂದ ಒಂದು ಬಾಟಲಿ ತಂದು, ತೆಗೆದು, ಮಡ್ಡಿ ಏಳದಂತೆ ಲೋಟಕ್ಕೆ ಸುರಿದ.

"ಬೇಡ ಕಣಯ್ಯ. ಸುಮ್ಮನೆ ದಂಡ."

"ಒಂದು ಗುಟುಕು, ಮಾವ."

ಆರ್ಚಿ ಔಷಧಿ ಕುಡಿಯುವವನಂತೆ ಕುಡಿದ. ಹುಬ್ಬು ಮೇಲೇರಿತು. ಮತ್ತೆ ಕುಡಿದ. ಮೇಜಿಗೆ ಗುದ್ದಿದ ಹೊಡೆತಕ್ಕೆ ಆಲೂಗಡ್ಡೆಯೊಂದು ತಟ್ಟೆಯಿಂದ ಹಾರಿತು.

"ಬಂತು! ನಾಲಿಗೆ ವಾಪಸ್ಸು ಬಂತು! ರೇವಿನ್, ನಾನು ಸಾಯಲ್ಲಮ್ಮ!"

ಇಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲರಿಗೂ ಸುಖ. ಹಾಗೆಂದೇ ರೇವಿನ್ ಮೇಜಿನಡಿ ಗಂಡನ ಕಾಲಿಗೆ ಬೂಟಿನಿಂದ ಒದ್ದಳು. ಆದರೆ ನೆವಿಲ್‌ಗೆ ಮುಂದಿನದು ಕಾಣುತ್ತಿತ್ತು. ನಾಳೆ ಮುದುಕ ತಾಮತಿಯ ಅಂಗಡಿಯಿಂದ ಇನ್ನೊಂದು ಕ್ರೇಟು ತಂದು ಬಾಟಲಿ ತೆಗೆಯುತ್ತಾನೆ, ನಾಡಿದ್ದು ಮತ್ತೆ ಸಾಯಲು ಕೂರುತ್ತಾನೆ.

"ಮಾವ, ಅದು ದೀಪಸ್ತಂಭ ಅಲ್ಲ. ನಂದು."

ಆರ್ಚಿ ಲೇಬಲ್ಲು ನೋಡಿದ. ಮುಚ್ಚಳ ಎತ್ತಿಕೊಂಡು ನೋಡಿದ. "ಇದು ದೀಪಸ್ತಂಭ ಅಂತ ಕುರುಡನೂ ಹೇಳ್ತಾನೆ."

ನೆವಿಲ್ ಎಲ್ಲವನ್ನೂ ಹೇಳಿದ. ಹರಾಜಿನ ಮುಚ್ಚಳ, ಕ್ಲಬ್ಬಿನ ಕ್ರೇಟು, ಅಲುಗಿಸಬಾರದ ತಳದ ಮಡ್ಡಿ, ಬಾತುಕೋಳಿಯ ಪೈಜಾಮ, ಟೊಮ್ಯಾಟೊ ಗಿಡ. ಸಾಕ್ಷಿ ಬೇಕೆನ್ನುವವರಿಗೆ ಕಿಟಕಿಯಾಚೆ ಗಿಡಗಳ ಸೊಂಟದಲ್ಲಿ ಹಳದಿ ಬಾತುಕೋಳಿಗಳು ಗಾಳಿಗಾಡುತ್ತಿದ್ದವು.

"ಹುಟ್ಟುಹಬ್ಬದ್ದೂ?"

"ಹೂಂ. ಅದೂ ನಂದೇ."

ಮುದುಕ ಕಿಟಕಿಯಾಚೆಯ ಬಾತುಕೋಳಿಗಳನ್ನು ಒಂದೊಂದಾಗಿ ನೋಡಿದ. "ಅದೇ ಬಕೆಟ್ಟಾ?" ಎಂದು ಕೊನೆಗೆ ಕೇಳಿದ.

"ಯಾವ ಬಕೆಟ್ಟು?"

"ಮದುವೆ ದಿನದ್ದು."

"ಅದೇ ಮಾವ." ಒಂದು ಗಳಿಗೆ ಬಿಟ್ಟು ನೆವಿಲ್ ಸೇರಿಸಿದ, "ತೊಳೆದಿದ್ದೀನಿ."

ಆರ್ಚಿ ಎದ್ದ. ಟೋಪಿ ಇಟ್ಟುಕೊಂಡ, ಊರುಗೋಲು ಹುಡುಕಿಕೊಂಡ, ಮಗಳ ಮುಖವನ್ನೂ ನೋಡದೆ ಬಾಗಿಲು ಹಾಕಿಕೊಂಡು ಹೋದ. ತಟ್ಟೆಯಲ್ಲಿ ಮಾಂಸವೂ ಲೋಟದಲ್ಲಿ ಅರ್ಧ ಬಿಯರೂ ಹಾಗೇ ಉಳಿದವು.

"ಹೇಳಬೇಡ ಅಂದಿದ್ದೆ," ಎಂದಳು ರೇವಿನ್. ಅವಳ ಕಣ್ಣಲ್ಲಿ ನೀರಿತ್ತು. ನೆವಿಲ್ ಚೆಲ್ಲಲು ಮನಸ್ಸು ಬಾರದೆ ಮಾವನ ಲೋಟದಲ್ಲಿ ಉಳಿದದ್ದನ್ನು ತಾನೇ ಕುಡಿದ. ಚೆನ್ನಾಗಿಯೇ ಇತ್ತು, ಅದಕ್ಕೇ ಇನ್ನಷ್ಟು ಸಂಕಟವಾಯಿತು.

ಆ ವಾರ ಆರ್ಚಿಯ ಸುದ್ದಿಯಿಲ್ಲ. ರೇವಿನ್ ಫೋನು ಮಾಡಿದರೆ ಎತ್ತಲಿಲ್ಲ. ನೆವಿಲ್ ಬಕೆಟ್ಟನ್ನು ಬಿಸಿಲಿಗೆ ಬೋರಲು ಹಾಕಿಬಿಟ್ಟ. ಇನ್ನು ಬಿಯರು ಮಾಡುವುದಿಲ್ಲ ಎಂದ. ಯಾರಿಗೆ ಮಾಡಬೇಕು ಎಂದೂ ಹೇಳಿದ. ಟವೆಲುಗಳಿಂದ ಬ್ರೆಡ್ಡಿನ ವಾಸನೆ ಮೆಲ್ಲಗೆ ಹೋಗತೊಡಗಿತು.

ಭಾನುವಾರ ಬೆಳಗ್ಗೆ ಇಬ್ಬರೂ ಹಾಸಿಗೆಯಲ್ಲಿದ್ದಾಗಲೇ ಹಿತ್ತಿಲಿನಲ್ಲಿ ಕಿರ್ ಕಿರ್ ಎಂದು ಚಕ್ರದ ಸದ್ದು. ಬಟ್ಟೆ ಒಗೆಯುವ ಕೋಣೆಯ ಬಾಗಿಲು ತೆರೆದ ಸದ್ದು, ಬಾಟಲಿಗಳ ಟಿಣ್ ಟಿಣ್, ಒಂದು ಬೈಗುಳ, ಮತ್ತೆ ಬಾಗಿಲು. ಕಳ್ಳನಿರಬೇಕೆಂದು ನೆವಿಲ್ ಸಿಕ್ಕಿದ ಪೊರಕೆ ಹಿಡಿದು ಹಿತ್ತಿಲಿಗೆ ಓಡಿದ.

ಯಾರೂ ಇರಲಿಲ್ಲ. ಮೆಟ್ಟಿಲ ಮೇಲೆ ಒಂದು ಖಾಲಿ ಕ್ರೇಟು ಇತ್ತು, ತಾಮತಿಯ ಅಂಗಡಿಯಲ್ಲಿ ಇಡುತ್ತಾರಲ್ಲ, ಹಾಗೆಯೇ ಒಂದು ಪಕ್ಕಕ್ಕೆ ನೆಟ್ಟಗೆ. ಡಜನ್ ಬಾಟಲಿಗಳೂ ತೊಳೆದು ಫಳಫಳ ಹೊಳೆಯುತ್ತಿದ್ದವು. ಒಳಗೆ ಹೋಗಿ ನೋಡಿದರೆ ಕಪ್ಪು ಬಿಯರಿನ ತುಂಬಿದ ಕ್ರೇಟೊಂದು ಮಾಯ. ನೆವಿಲ್ ಮತ್ತೆ ಮೆಟ್ಟಿಲಿಗೆ ಬಂದು ಬಗ್ಗಿದ. ಖಾಲಿ ಕ್ರೇಟಿನ ಹಿಡಿಕೆಗೆ ನೀಲಿ ಗೀಟಿನ ಬಟ್ಟೆಯ ಪಟ್ಟಿಯೊಂದನ್ನು ಗಣಿಯವರ ಬಿಗಿಯಾದ ಗಂಟು ಹಾಕಿ ಕಟ್ಟಿತ್ತು.

ಅವನು ಪೊರಕೆ ಬಿಟ್ಟು ಗೇಟಿಗೆ ಓಡಿದ. ರಸ್ತೆಯಲ್ಲಿ ಆರ್ಚಿ ಮೆಕ್‌ಫೇಲ್ ಒಂಟಿ ಚಕ್ರದ ತಳ್ಳುಗಾಡಿ ತಳ್ಳಿಕೊಂಡು ಹೋಗುತ್ತಿದ್ದ. ಗಾಡಿಯಲ್ಲಿ ದಿಂಬು, ದಿಂಬಿನ ಮೇಲೆ ಕ್ರೇಟು. ಮೇಲೆ ಕೋಟು, ತಲೆಗೆ ಟೋಪಿ, ಕೆಳಗೆ ನೀಲಿ ಗೀಟಿನ ಪೈಜಾಮ. ಪೈಜಾಮದ ಒಂದು ಕಾಲು ಪಾದದವರೆಗೆ, ಇನ್ನೊಂದು ಮೊಣಕಾಲಿಗೇ ಮುಗಿದಿತ್ತು. ಜನ್ಮದಲ್ಲಿ ಯಾವುದನ್ನೂ ನಿಧಾನವಾಗಿ ಮಾಡದ ಮುದುಕ ನೆವಿಲ್ ಮುಚ್ಚದೆ ಬಿಟ್ಟ ಒಂದೊಂದು ಗುಂಡಿಯ ಮುಂದೂ ನಿಂತು, ಗಾಡಿಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕೆ ಸರಿಸಿ, ಮತ್ತೆ ಒಂದು ಹೆಜ್ಜೆ ಇಡುತ್ತಿದ್ದ.

ನೆವಿಲ್‌ಗೆ ಕೇಳದೆ ಇರಲಾಗಲಿಲ್ಲ.

"ಮಾವ!" ಎಂದು ಕೂಗಿದ. "ಹೇಗಿದೆ, ಹೇಳಿ!"

ಆರ್ಚಿ ಹಿಂತಿರುಗಿ ನೋಡಲಿಲ್ಲ.

"ಮಾತಾಡಿಸಬೇಡ ಕಣೋ," ಎಂದು ಅಷ್ಟು ದೂರದಿಂದಲೇ ಪಿಸುದನಿಯಲ್ಲಿ ಗದರಿದ, "ಮಡ್ಡಿ ಏಳುತ್ತೆ!"